ಭೋಸರಿಯ ದುಭಾಷಿ

ನನ್ನ ಕೆಲಸ ರಕ್ತ ತೆಗೆಯುವುದು.
ಕನ್ನಡ ಬರುತ್ತದೆಂಬ ತಪ್ಪಿಗೆ
ಮಂಗಳವಾರ ಮೂರನೇ ಕೋಣೆಯಲ್ಲಿ
ಡಾಕ್ಟರ್ ಸಬನೀಸರಿಗೂ ತಂಗೆವ್ವನಿಗೂ ನಡುವೆ
ಸ್ಟೂಲು ಎಳೆದುಕೊಂಡು ಕೂರುತ್ತೇನೆ.

ತಂಗೆವ್ವ, ನಲವತ್ತೊಂದು, ಇಂಡಿ ಕಡೆಯವಳು.
ಎಂಐಡಿಸಿ ಗೇಟಿನೆದುರು ರೊಟ್ಟಿ ಅಂಗಡಿ.
ಮೊಣಕೈವರೆಗೂ ಜೋಳದ ಹಿಟ್ಟು,
ಒರೆಸಿದ ಮೇಲೇ ನರ ಸಿಕ್ಕಿದ್ದು.

ಹರ್ಪಿಸ್‌ಗೆ ಏನೆನ್ನಲಿ? ಸರ್ಪಸುತ್ತು ಅಂದುಬಿಟ್ಟೆ.
ಥಟ್ಟನೆ ಸೊಂಟ ಮುಟ್ಟಿಕೊಂಡಳು:
"ಹೆಡಿ ಬಾಲ ಕೂಡಿದ್ರ ಸಾವಲ್ಲೇನು?"
ಅಲ್ಲವ್ವ, ಇದು ಆ ಹಾವಲ್ಲ, ಅದರ ದಾಯಾದಿ.
ಹೇಳಬಾರದ ಜಾಗದಲ್ಲಿ ಹುಣ್ಣಾಗಿ ಎದ್ದು
ಮಾಯುತ್ತದೆ, ನರದ ಬುಡಕ್ಕೆ ಹೋಗುತ್ತದೆ.
"ಸಾಯೂದಿಲ್ಲ?"
"ಮಲಗ್ತದ."

ಡಾಕ್ಟರು ಚೀಟಿಯ ಹಿಂದೆ ಗೆರೆ ಎಳೆದರು, ಚರ್ಮ.
ಗೆರೆಯಲ್ಲೊಂದು ಬಿರುಕು.
ಬಿರುಕಿನತ್ತ ಓಡಿಬರುವ ಚುಕ್ಕೆ, ಚುಕ್ಕೆ, ಬಿಳಿರಕ್ತಕಣ;
ಹುಣ್ಣು ಆರಿದರೂ ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ.
ಎಚ್‌ಐವಿಗೆ ಬಿರುಕಿಗಿಂತ ಬೇಕಾದವರು ಇವರೇ.

ಕೋಟೆ, ಕಾವಲು, ಕಳ್ಳ ಅಂತೇನೋ ಹೇಳಿದೆ,
ಶಾಲೆಯ ಗೋಡೆಬರಹದ ಕನ್ನಡ.
ಅವಳ ಮುಖ ಶಟರ್ ಎಳೆದ ಅಂಗಡಿ.
ಆಮೇಲೆ ತಾನೇ,
"ಪಂಗ್ತಿ ಎದ್ರೂ ಎಲಿ ಮುಂದ ಕುಂತೋರು.
ಅವರನ್ನ ಉಣ್ಣಾಕ ಬಂದಾಂವ ಇಂವ."
ಏನಂದಳು, ಏನಂದಳು ಅಂತ ಡಾಕ್ಟರು.
ನನ್ನ ಮರಾಠಿ ಅಷ್ಟು ದೂರ ಹೋಗಲಿಲ್ಲ.

ಒಂದೇ ಕಣಕ್ಕೆ ಇಬ್ಬರೂ ಹೊಕ್ಕರೆ?
ಇದಕ್ಕೆ ನನ್ನಲ್ಲಿ ಮಾತಿತ್ತು. ಲಾಂಡೇವಾಡಿಯ ಖೋಲಿ,
ಒಂದೇ ಕಾಟು, ಎರಡು ಪಾಳಿಯ ಹುಡುಗರು.
ಒಬ್ಬ ಬಂದು ದೀಪ ಹಾಕಿದರೆ
ಮಲಗಿದ್ದವನೂ ಎದ್ದು ಕೆಲಸಕ್ಕೆ ಕೂರುತ್ತಾನೆ.
"ಏನ್ ಕೆಲಸ?"
ತನ್ನಂಥವರನ್ನೇ ಅಚ್ಚು ಹಾಕುವುದು.
ನಕ್ಕಳು. ಆ ಹುಡುಗರೆಲ್ಲ ಅವಳ ಗಿರಾಕಿಗಳು.

ಎರಡು ಥರದ ಗುಳಿಗೆ.
ಹುಣ್ಣಿನ ಗುಳಿಗೆ ಹುಣ್ಣಿಗಷ್ಟೇ,
ದೊಡ್ಡವನಿಗೆ ರಾತ್ರಿಯದೇ ಬೇಕು, ತಪ್ಪದೆ.
ಎಣಿಸಿಕೊಂಡಳು, ಸೆರಗಿಗೆ ಕಟ್ಟಿದಳು.
ಕಟ್ಟುತ್ತಲೇ, ನನ್ನನ್ನು ನೋಡದೆ,
"ನಮ್ಮನಿಯಾಂವನೂ ಇಲ್ಲೇ ಬರತಾನೇನು?"

ಗುರುವಾರ ಗುರುವಾರ.
ಎರಡು ವರ್ಷ. ಎಡಗೈ. ನರ ಬೇಗ ಸಿಗುತ್ತದೆ.

ಏನಂದಳು ಅಂತ ಡಾಕ್ಟರು.
ಗುಳಿಗೆ ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಾಳೆ, ಅಂದೆ.
ಒಂಬತ್ತಕ್ಕೆ, ಅಂದರು.
ಒಂಬತ್ತಕ್ಕ, ಅಂದೆ.
ತಂಗೆವ್ವ ನನ್ನ ಬಾಯನ್ನೇ ನೋಡಿದಳು,
ತವೆಯ ಮೇಲಿನ ರೊಟ್ಟಿ
ಉಬ್ಬುವುದೋ ಇಲ್ಲವೋ ಎಂದು ನೋಡುವಂತೆ.

ದಿಘಿಯ ನನ್ನ ಕೋಣೆಗೂ
ಒಂಬತ್ತರ ಸೈರನ್ ಕೇಳುತ್ತದೆ.
ಅನ್ನ ಕಲೆಸುತ್ತಿದ್ದ ಕೈ ನಿಲ್ಲುತ್ತದೆ.
ಇವತ್ತು ಬುಧವಾರ.