ಸೀಗೆಗುಡ್ಡದ ಜಾಗದಲ್ಲಿ ಸಮುದ್ರ

ರಾತ್ರಿ ಒಂದೂವರೆ. ಪೆನ್ಷನ್ ಮೊಹಲ್ಲಾ.
ಷಟರ್ ಅರ್ಧ ಎಳೆದ ಮಿಕ್ಸಿ ರಿಪೇರಿ ಅಂಗಡಿಯೊಳಗೆ
ಹಾಸನದ ಮೇಲೆ ಐದು ಸಾವಿರ ಅಡಿಯಲ್ಲಿದ್ದೇನೆ.
ಕೆಳಗೆ ಊರಿಲ್ಲ, ನೀರು.

ಸೀಗೆಗುಡ್ಡದ ಜಾಗದಲ್ಲಿ ಅಲೆಯೇಳದ ಸಮುದ್ರ.
ಗೊರೂರಿನ ಕಟ್ಟೆ ಒಡೆದರೂ ಇಷ್ಟು ನೀರಿಲ್ಲ.
ನೆಲ ಕಳಿಸುವ ಸರ್ವರ್ ಮತ್ತೆ ಮಲಗಿದೆ;
ನೆಲ ಬಾರದಿದ್ದರೆ ಸಮುದ್ರ ಅಂದುಕೋ ಅಂತ
ಯಾವ ಪುಣ್ಯಾತ್ಮ ಬರೆದಿಟ್ಟನೋ ಆ ಸಾಲು.

ಪೋರ್ಚುಗಲ್ಲಿನ ಇನೇಶ್ ಎದ್ದಿದ್ದಾಳೆ.
ಮುಖ ನೋಡಿದವನಲ್ಲ; ಆವರಣ ಮುಚ್ಚಲು ಮರೆಯುತ್ತಾಳೆ
ಅನ್ನುವಷ್ಟು ಪರಿಚಯ.
"ಡಿಸ್ಕ್ ತುಂಬಿತ್ತು. ಗುಡಿಸಿದೆ. ಈಗ ನೋಡು."

ಬಂತು, ಚೌಕ ಚೌಕವಾಗಿ.
ಮೊದಲು ಬೇಲೂರು ರಸ್ತೆ, ಆಮೇಲೆ ಗುಡ್ಡ,
ಕಡೆಗೆ ಊರ ದೀಪ.
ನಾನು ಬರೆದ ರನ್‌ವೇ ಮಾತ್ರ ಇಲ್ಲ.

ಮೂರು ವಾರ ಸರ್ವರಿಗೆ ಶಾಪ ಹಾಕಿದ್ದೆ.
ಗಿರಾಕಿ ಕೈತೋರಿದಲ್ಲಿ ಕೆಟ್ಟಿರುವುದಿಲ್ಲ,
ಸದ್ದು ಬ್ಲೇಡಿನದು, ಸವೆದದ್ದು ಬುಷ್ಷು
ಎಂದು ಹುಡುಗರಿಗೆ ಹೇಳಿಕೊಡುವ ಬಾಯಿ ಇದು.

ಹುಡುಕುತ್ತ ಏರಿದೆ. ಏರಿದೆ.
ಹತ್ತು ಸಾವಿರ ಅಡಿಯಲ್ಲಿ, ಮೋಡದಾಚೆ,
ಒಣಹಾಕಿದ ಪಂಚೆ; ಹಗ್ಗ ಮಾತ್ರ ಇಲ್ಲ.
ಕೆಳಗಿಂದ ಕಾಣದು, ತಳ ಬರೆದವನಲ್ಲ ನಾನು.
ಮೂರು ಸಾವಿರದ ನೂರು:
ಅಡಿ ಅಂತ ನಾನು, ಮೀಟರ್ ಅಂತ ಅದು.

ಅಂಕಿ ತಿದ್ದುವುದು ಒಂದು ನಿಮಿಷದ ಕೆಲಸ.
ತಿದ್ದಲಿಲ್ಲ.
ಚಕ್ರ ಬಿಟ್ಟು ಆ ತಪ್ಪಿನ ಮೇಲೇ ಇಳಿದೆ,
ಎಂಜಿನ್ ಆರಿಸಿ ಕೂತೆ.

ಅಂಚಿನಾಚೆ, ಬಲು ಕೆಳಗೆ, ಹಾಸನದ ದೀಪಗಳು.
ಪೆನ್ಷನ್ ಮೊಹಲ್ಲಾದ ಕಡೆ ಒಂದು
ನನ್ನದೇ ಇರಬೇಕು.