ಕಟ್ಟು ಹಾಕುವವನ ಲೆಕ್ಕ

ಗಾಂಧಿಬಜಾರಿನ ಒಳತಿರುವಿನಲ್ಲಿ ನನ್ನ ಅಂಗಡಿ.
ಮದುವೆ ಫೋಟೋ, ತೀರಿಹೋದವರು, ಲಕ್ಷ್ಮಿ, ಮೆಕ್ಕಾ,
ನಿವೃತ್ತಿಯ ಮಾನಪತ್ರ,
ಎಲ್ಲಕ್ಕೂ ಒಂದೇ ಗಾಜು, ಒಂದೇ ಮೊಳೆ.

ಆ ಪಟ ಬಂದದ್ದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು.
ಅಂಗೈಯಷ್ಟು. ಸಾಸಿವೆ ಹೂವಿನ ಹಳದಿ ಬಯಲು,
ಅದರಲ್ಲೊಬ್ಬಳು ಕೂತಿದ್ದಾಳೆ,
ಮೀನಿನಂಥ ಕಣ್ಣು ಕಿವಿ ಮುಟ್ಟುವವರೆಗೆ,
ಬಾಗಿಲಿಲ್ಲದ ಕಡೆ ನೋಡುತ್ತ.

ದಾಕ್ಷಾಯಣಮ್ಮ ಅಂದರು:
"ನಮ್ಮನೆಯವರು ಮಿಲಿಟರೀಲಿದ್ದಾಗ ಜಮ್ಮು ಕಡೆಯಿಂದ ತಂದದ್ದು.
ಬಸೋಹ್ಲಿ ಅಂತ ಊರಂತೆ, ರಾವಿ ಹೊಳೆ ದಂಡೇಲಿ.
ಇಲ್ಲಿ ಬೂಸ್ಟು ಹಿಡೀತಿದೆ, ನೋಡಿ.
ಸರದಲ್ಲಿ ಎಂಟು ಹಸಿರಿತ್ತು. ಈಗ ಏಳು."

ಪಟಗಳ ಊರು ನನಗೆ ಬೆರಳಿನಲ್ಲಿ ಗೊತ್ತು.
ಮೈಸೂರಿನದಾದರೆ ಚಿನ್ನದ ರೇಕಿನಡಿ ಮಕ್ಕಿನ ಉಬ್ಬು,
ಕಣ್ಣು ಮುಚ್ಚಿ ಸವರಿದರೂ ದೇವಿಯ ಡಾಬು ಸಿಗುತ್ತದೆ.
ಸುರಪುರದ್ದು ಒಂದೇ ಸಲ ಕಂಡದ್ದು:
ಗೆರೆಯ ಪಕ್ಕ ಗೆರೆ,
ಜೋರಾಗಿ ಉಸಿರು ಬಿಟ್ಟರೆ ಕೂಡಿಕೊಂಡಾವು.
ಸಾಗರದ ಕಡೆಯ ಚಿತ್ತಾರ ಗೋಡೆ ಇಳಿದು
ಈಗೀಗ ಕಾಗದದ ಮೇಲೂ ಬರುತ್ತದೆ,
ಪುಂಡಿನಾರಿನ ಕುಂಚ, ಕೆಮ್ಮಣ್ಣು;
ಅದಕ್ಕೆ ಕಟ್ಟು ಹಾಕಿದರೆ ಯಾಕೋ
ಕಿಟಕಿ ಮುಚ್ಚಿದ ಹಾಗೆ.
ಇದು ಮಾತ್ರ ಕೈಗೆ ಹೊಸತು.

ಭೂತಗನ್ನಡಿ ಹಿಡಿದೆ.
ಬಣ್ಣವಲ್ಲ ಆ ಹಸಿರು.
ತಲೆ ಕೊಂಚ ವಾಲಿಸಿದರೆ ನೀಲಿ, ಆಮೇಲೆ ತಾಮ್ರ, ಮತ್ತೆ ಹಸಿರು.
ಐವತ್ತು ವರ್ಷ ಹಿಂದಿನ ಬೆಂಕಿಪೊಟ್ಟಣವೊಂದು
ಕಿವಿಯ ಹತ್ತಿರ ಕರಕರ ಅಂದಿತು.
ಅಯ್ಯೋ, ಜೀರ್ಜಿಂಬೆ!
ಸೀಗೆಸೊಪ್ಪು ಹಾಕಿ ಸಾಕಿ, ಪಾಠದ ನಡುವೆ ಮೊಟ್ಟೆ ಎಣಿಸಿ
ಲೆಕ್ಕದ ಮೇಷ್ಟ್ರ ಕೈಲಿ ಏಟು ತಿನ್ನಿಸಿದ ಹುಳ.
ಅದರ ರೆಕ್ಕೆ ಕತ್ತರಿಸಿ
ಯಾವನೋ ಬೆಟ್ಟದವನು ಇವಳ ಕೊರಳಿಗೆ
ಪಚ್ಚೆ ಕೂರಿಸಿದ್ದಾನೆ.

ಅಂಗಡಿ ಹುಡುಗ ತೌಸೀಫನ ತಂಗಿ ಮುಬೀನಾ
ಕಂಪಾಸ್ ಪೆಟ್ಟಿಗೆಯಲ್ಲಿ ಸತ್ತದ್ದೊಂದನ್ನು ಇಟ್ಟಿದ್ದಳು,
ಹೊಸನಗರದ ಅಜ್ಜಿಮನೆಯದು.
ರೆಕ್ಕೆಗೆ ಬದಲು ಕೇಳಿದ್ದು ಎರಡು:
ಮಿಂಚಿನ ಪೆನ್ನು,
ಮತ್ತೆ, ಅಂಟಿಸುವಾಗ ಪಕ್ಕದಲ್ಲಿ ನಿಲ್ಲುವುದು.

ಅರ್ಧ ಎಳ್ಳಿನಷ್ಟು ಕತ್ತರಿಸಿದೆ. ಮೂರು ಹಾಳಾದವು,
ಒಂದಂತೂ ಅವಳ ಸೀನಿಗೇ ಹಾರಿಹೋಯಿತು.
ನಾಲ್ಕನೆಯದು ಕೂತಿತು.

ದಾಕ್ಷಾಯಣಮ್ಮ ಬಂದು ಎಣಿಸಿದರು. ಮತ್ತೊಮ್ಮೆ ಎಣಿಸಿದರು.
"ಹೊಸದು ಯಾವುದು?"
ಬೆಳಕಿಗೆ ಹಿಡಿದೆ, ತಿರುಗಿಸಿದೆ.
ಎಡದಿಂದ ಮೂರನೆಯದಿರಬೇಕು.
ಅಂಟಿಸಿದ ಬೆರಳೇ ತಡವರಿಸಿತು.

ಬಿಲ್ಲಿನಲ್ಲಿ ಗಾಜು, ಸಾಗುವಾನಿ ಕಟ್ಟು, ಹಿಂಬದಿ ಹಲಗೆ.
ರೆಕ್ಕೆಯ ಸಾಲಿನ ಮುಂದೆ ಏನೂ ಬರೆಯಲಿಲ್ಲ.

ಮುಬೀನಾ ಮಾತ್ರ ಸ್ಕೂಲು ಬಿಟ್ಟ ಮೇಲೆ
ದಿನಾ ಬಂದು ಕೇಳುತ್ತಾಳೆ:
"ಮಾಮಾ, ಅದು ಹೊಸನಗರದ್ದು ಅಂತ
ಹಿಂದುಗಡೆ ಬರೆದಿದ್ದೀರಾ?"