ತಲೆ ಲೆಕ್ಕ

ಒಂದು ತಲೆಗೆ ಇಪ್ಪತ್ತು ಸೆಡಿ.
ಮಕ್ಕಳದಾದರೆ ಹನ್ನೆರಡು, ಅಳದೆ ಕೂತರೆ ಹತ್ತು.
ಹೋದ ತಿಂಗಳವರೆಗೆ ಟೀವಿಗೆ ಹತ್ತೊಂಬತ್ತು ತಲೆ ಸಾಕಿತ್ತು,
ಈಗ ಕಂಪನಿಯವರು ಇಪ್ಪತ್ತಮೂರು ಕೇಳುತ್ತಾರೆ.
ನಾನು ಊರಿನವರ ತಲೆ ಬೋಳಿಸುತ್ತೇನೆ,
ಅವರು ನನ್ನದನ್ನು.
ನೀರಿಲ್ಲ, ಸೋಪಿಲ್ಲ, ಎಷ್ಟು ನುಣ್ಣಗೆ!

ಟಾಕೊರಾಡಿ ಬಂದರಿನ ಬೆನ್ನಿಗೆ
ದಿಮ್ಮಿ ಹೊತ್ತ ಲಾರಿಗಳು ತಿರುಗುವ ಮೂಲೆಯಲ್ಲಿ ನನ್ನ ಅಂಗಡಿ.
ಎರಡು ಕುರ್ಚಿ, ಅದರಲ್ಲೊಂದು ತಿರುಗುವುದನ್ನು ಬಿಟ್ಟು ಆರು ವರ್ಷ.
ಮೇಲೆ ತಗಡು, ತಗಡಿನ ಮೇಲೆ ತಟ್ಟೆ,
ತಟ್ಟೆಯ ಅಂಚಿಗೆ ಬಿಳಿ ಎದೆಯ ಕಾಗೆ.
ಬೆಂಚಿನವರು ಆಟವನ್ನು ನೇರ ನೋಡುತ್ತಾರೆ,
ಕುರ್ಚಿಯವರು ಕನ್ನಡಿಯಲ್ಲಿ,
ಎಡಗಾಲಿನ ಆಟಗಾರ ಅಲ್ಲಿ ಬಲಗಾಲಿನವನು.

ಅಕ್ಕ ಅರಾಬಾ ಹಿಂದಿನ ಕೋಣೆಯಲ್ಲಿ ಹೊಲಿಯುತ್ತಾಳೆ,
ಲೆಕ್ಕದ ಪುಸ್ತಕವೂ ಅವಳದೇ.
"ಶನಿವಾರ ಕೂತವರು ಮೂವತ್ತೊಂದು, ಕೂದಲು ಕೊಟ್ಟವರು ಎಂಟು.
ಇದು ಅಂಗಡಿಯೋ ಛತ್ರವೋ?"
"ಆ ಎಂಟು ಬಂದದ್ದು ಆಟಕ್ಕೇ ಅಲ್ಲವಾ?"
"ಆಟವಿಲ್ಲದಿದ್ದರೆ ಕೂದಲು ಬೆಳೆಯುವುದಿಲ್ಲವಾ?"

ಅವಳು ಬರೆಯದ ಬಾಬತ್ತುಗಳೂ ಇವೆ.
ಫೀಫಿ ಗೋಲೆಂದು ಮೈಮೇಲಿನ ಬಟ್ಟೆ ಸಮೇತ ಹಾರಿದ ದಿನ
ಮೆಷಿನ್ನು ಅವನ ಕಿವಿಯಿಂದ ನೆತ್ತಿಗೆ ರಸ್ತೆ ಹಾಕಿತು.
ಸರಿಮಾಡುತ್ತ ಸರಿಮಾಡುತ್ತ ಬುರುಡೆ ಮುಟ್ಟಿದೆ.
ಮಾರನೇ ವಾರ ಅವನ ಮದುವೆ.
ಅದನ್ನು ಯಾವ ಪುಟಕ್ಕೆ ಹಾಕುವುದು?
ಸೋತ ದಿನ ಯಾರೂ ಚಿಲ್ಲರೆ ಕೇಳುವುದಿಲ್ಲ,
ಗೆದ್ದ ದಿನ ದುಡ್ಡು ಕೊಡುವುದನ್ನೇ ಮರೆಯುತ್ತಾರೆ.
ಮಳೆ ಬಂದರೆ ಆಟಗಾರರು ಚೌಕ ಚೌಕವಾಗಿ ಒಡೆದು ನಿಲ್ಲುತ್ತಾರೆ,
ಕರೆಂಟು ಹೋದರೆ ಅದೂ ಇಲ್ಲ.
ಬಿಲ್ಲಿಗೆ ಮಾತ್ರ ಮೂವತ್ತು ದಿನವೂ ನಿಚ್ಚಳ.

ಶುಕ್ರವಾರ ರಾತ್ರಿ ಅವಧಿ ಮುಗಿಯಿತು.
ನೀಲಿ ಪರದೆಯ ಮೇಲೆ ಬಹಳ ವಿನಯದ ಎರಡು ಸಾಲು.
ಆರಿಸಿದೆ.

ಶನಿವಾರ ಹುಡುಗರು ಬಾಗಿಲಿಗೆ ಬಂದರು,
ಗೋಡೆ ನೋಡಿದರು, ನನ್ನನ್ನು ನೋಡದೆ
ಎದುರಿನ ಬಾರಿಗೆ ದಾಟಿದರು.
ಬೆಂಚು ತನ್ನ ಬಣ್ಣ ತೋರಿಸಿತು: ಹಸಿರು.
ನಾನೇ ಬಳಿದದ್ದು. ಮರೆತಿದ್ದೆ.

ಬಂದವರು ಕ್ವೇಸನ್ ಅಜ್ಜ ಒಬ್ಬರೇ.
ರೈಲ್ವೆಯಲ್ಲಿ ಟಿಕೆಟ್ಟು ತೂತು ಮಾಡಿ ನಿವೃತ್ತರು,
ತಲೆಯಲ್ಲಿ ಅರ್ಧ ಟಿಕೆಟ್ಟಿನಷ್ಟು ಕೂದಲು,
ಕೊಡುವುದು ಪೂರ್ತಿ ಇಪ್ಪತ್ತು.
ಕೂತು ಕನ್ನಡಿ ನೋಡಿದರು.
ಕನ್ನಡಿಯೊಳಗೆ ಹಿಂದಿನ ಗೋಡೆಯ ಕಪ್ಪು ಟೀವಿ,
ಟೀವಿಯೊಳಗೆ ಅವರದೇ ಹಿಂದಲೆ, ಸಣ್ಣದಾಗಿ.
"ಇಷ್ಟು ವರ್ಷ ಇದನ್ನು ನೀನು ತೋರಿಸಲೇ ಇಲ್ಲವಲ್ಲ, ಎಕೊ."

ಬಾರಿನಿಂದ ಕೂಗೊಂದು ಎದ್ದು ಅರ್ಧಕ್ಕೇ ಬಿತ್ತು.
"ಕಂಬಕ್ಕೆ ಬಡಿಯಿತು," ಅಂದರು ಅಜ್ಜ.
ಇನ್ನೊಂದು ಕೂಗು, ಉದ್ದದ್ದು, ಕಹಿ.
"ರೆಫರಿ," ಅಂದೆ ನಾನು.
ಕೂದಲು ಹತ್ತು ನಿಮಿಷಕ್ಕೆ ಮುಗಿದಿತ್ತು,
ಅಜ್ಜ ಎದ್ದದ್ದು ಆಟ ಮುಗಿದ ಮೇಲೆ.
ನಮ್ಮ ಲೆಕ್ಕಕ್ಕೆ ಎರಡು ಒಂದು.
ನಿಜಕ್ಕೆ ಎಷ್ಟೋ, ರಸ್ತೆ ದಾಟಿ ಕೇಳಲಿಲ್ಲ.

ರಾತ್ರಿ ಗುಡಿಸಿದೆ. ಒಂದು ಚಿಟಿಕೆ ಬಿಳುಪು.
ಅರಾಬಾ ಬರೆದಳು: ತಲೆ, ಒಂದು.
ಬರೆದು ಪೆನ್ನು ಎತ್ತದೆ ಕೂತಿದ್ದಳು.
"ಎದುರಿನವನ ಹತ್ತಿರ ಎಷ್ಟು ಜನ ಇದ್ದರು?"
ಎಣಿಸಲಿಲ್ಲ ಅಂದೆ.
ನಲವತ್ತಾರು.

ಇವತ್ತು ಮಂಗಳವಾರ, ರಾತ್ರಿ ಇನ್ನೊಂದು ಆಟವಿದೆ.
ಫೋನಿನಲ್ಲಿ ಮೊತ್ತ ಒತ್ತಿ ಇಟ್ಟಿದ್ದೇನೆ,
ಕೊನೆಯ ಗುಂಡಿ ಒತ್ತಿಲ್ಲ.
ಹೆಬ್ಬೆರಳು ಅದರ ಮೇಲೆ ಕಾಗೆಯ ಹಾಗೆ ಕೂತಿದೆ.
ಬಾಗಿಲಲ್ಲಿ ಒಂದು ತಲೆ ಇಣುಕಿತು,
ಎರಡು ತಿಂಗಳ ಪೊದೆ, ಪೂರಾ ಇಪ್ಪತ್ತು ಸೆಡಿಯ ತಲೆ.
ನನ್ನನ್ನಲ್ಲ, ಗೋಡೆಯನ್ನು ಕೇಳಿತು:
"ಬಂತಾ?"